ಎಲ್ಲಿಗೆ ಅಂತ ಕೇಳದ ಮನೆ

ಅಲ್ಲ ಕಣ್ರೋ, ನಾನೇನು ಹಗ್ಗ ಹಿಡ್ಕೊಂಡು ಬಂಡೆ ಹತ್ತಿದ್ದೆ ಅಂದ್ಕೊಂಡ್ರಾ? ಈ ಮಂಡಿ ಇಟ್ಕೊಂಡು? ಹತ್ತೋರು ಬೇರೆ, ಮಧು ಅಂತ ಇದ್ನಲ್ಲ, ನಮ್ಮ ತಂಡದ ಮುಂದಾಳು, ಅವನು, ಅವನ ಜೊತೆಯೋರು. ಗುಡ್ಡದಲ್ಲಿ ಯಾರಾದ್ರೂ ದಾರಿ ತಪ್ಪಿದ್ರೆ, ಕೆರೆ ಹತ್ರ ಯಾರಾದ್ರೂ ಕಾಣೆಯಾದ್ರೆ ಪೊಲೀಸ್ನೋರು ಅವನಿಗೆ ಫೋನ್ ಮಾಡೋರು, ಅವನು ನಮಗೆಲ್ಲ ಮಾಡೋನು. ಸಂಬಳ ಗಿಂಬಳ ಏನೂ ಇಲ್ಲ, ಮನಸ್ಸಿದ್ದೋರು ಬರೋದು ಅಷ್ಟೇ. ನಾನು ಯಶವಂತಪುರದ ಫ್ಯಾಕ್ಟರಿಲಿ ಫಸ್ಟ್ ಏಡ್ ರೂಮ್ ನೋಡ್ಕೊಂಡು ರಿಟೈರ್ ಆಗಿದ್ನಲ್ಲ, ಮನೇಲಿ ಕೂತು ಸೀರಿಯಲ್ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ, ಸೇರ್ಕೊಂಡೆ. ನನಗೆ ಕೊಟ್ಟ ಕೆಲಸ ಏನು ಗೊತ್ತಾ? ಗುಡ್ಡದ ಕೆಳಗೆ ಮನೆಯೋರ ಜೊತೆ ಕೂತ್ಕೊಳ್ಳೋದು. ಯಾವ ಬಣ್ಣದ ಶರಟು, ಕಾಲಿಗೆ ಶೂನಾ ಚಪ್ಪಲೀನಾ, ಶುಗರ್ ಇದ್ಯಾ, ಮನೇಲಿ ಏನಾದ್ರೂ ಮಾತು ಬಂದಿತ್ತಾ, ಎಲ್ಲಾ ಮೆತ್ತಗೆ ಕೇಳಿ ಮೇಲಿರೋರಿಗೆ ತಿಳಿಸೋದು. ನಗಬೇಡ ಚಿನ್ನು, ಕೂತ್ಕೊಳ್ಳೋದೂ ಒಂದು ಕೆಲಸಾನಾ ಅಂತ ನಿಮ್ಮ ತಾತಾನೂ ನಗೋರು. ಒಂದು ದಿನ ಆ ಜಾಗದಲ್ಲಿ ಕೂತ್ರೆ ಗೊತ್ತಾಗುತ್ತೆ.

ಈಗ ಹೇಳ್ತಿರೋದು ವೀರೇಶ್ ಮೇಷ್ಟ್ರ ವಿಷಯ. ಇಲ್ಲೇ ಯಲಹಂಕದಲ್ಲಿ ಒಂದು ಕಾಲೇಜಲ್ಲಿ ಪಾಠ ಮಾಡ್ತಿದ್ರು, ಬಾಗಲಕೋಟೆ ಕಡೆಯೋರು. ಮನೇಲಿ ಹೆಂಡ್ತಿ ಶಿವಲೀಲಾ, ಮೇಷ್ಟ್ರ ತಾಯಿ ಗಂಗವ್ವ, ಇಷ್ಟೇ ಜನ. ರಜಾ ಬಂತು ಅಂದ್ರೆ ಆ ಮನುಷ್ಯಂಗೆ ಗುಡ್ಡದ ಹುಚ್ಚು. ಹೆಗಲಿಗೊಂದು ಟವಲ್, ಒಂದು ನೀರಿನ ಬಾಟ್ಲಿ, ಬುತ್ತಿಗೆ ಎರಡು ರೊಟ್ಟಿ, ಬಸ್ ಹತ್ಕೊಂಡು ಹೋಗೋದು, ಸಾಯಂಕಾಲ ಬರೋದು. ಗಾಡಿ ಗೀಡಿ ಇಲ್ಲ. ಗಾಡಿ ಇದ್ದಿದ್ರೆ ಯಾವ ಗುಡ್ಡದ ಕೆಳಗೆ ನಿಂತಿದೆ ಅಂತ ನೋಡಿ ಹೇಳ್ಬಹುದಿತ್ತು, ಆದ್ರೆ ಅವರು ಬಸ್ಸಲ್ಲಿ ಹೋದ್ರು. ಭಾನುವಾರ, ಅಲ್ಲ, ತಡೀರಿ, ಶನಿವಾರ, ಶನಿವಾರ ಬೆಳಗ್ಗೆ ಹೋದೋರು ವಾಪಸ್ ಬರ್ಲಿಲ್ಲ. ಫೋನ್ ಮಾಡಿದ್ರೆ ಸ್ವಿಚ್ ಆಫ್. ಬರ್ತಾರೆ ಬರ್ತಾರೆ ಅಂತ ಅತ್ತೆ ಸೊಸೆ ಇಬ್ರೂ ಬಾಗಿಲು ತೆಗೆದಿಟ್ಕೊಂಡು ಕಾದಿದ್ದಾರೆ. ಭಾನುವಾರ ಬೆಳಗ್ಗೆ ಸ್ಟೇಷನ್ಗೆ ಹೋಗಿದ್ದಾರೆ, ಅಲ್ಲಿಂದ ಮಧುಗೆ ಫೋನ್ ಬಂತು, ನಾನೂ ಸ್ಟೇಷನ್ಗೇ ಹೋದೆ.

ನಾನು ಮೊದಲು ಕೇಳೋ ಪ್ರಶ್ನೆ ಯಾವಾಗ್ಲೂ ಒಂದೇ, ಎಲ್ಲಿಗೆ ಹೋಗ್ತೀನಿ ಅಂತ ಹೇಳಿದ್ರು? ಕೇಳಿದ ತಕ್ಷಣ ಆ ಇಬ್ರು ಹೆಂಗಸರೂ ತಲೆ ತಗ್ಗಿಸಿಬಿಟ್ರು. ನನಗೆ ಅರ್ಥ ಆಗ್ಲಿಲ್ಲ. ಆಮೇಲೆ ಗಂಗವ್ವಾನೇ ಬಾಯಿ ಬಿಟ್ರು, ಹೊಂಟಾವ್ರನ್ನ ಎಲ್ಲಿಗೆ ಅಂತ ಕೇಳಬಾರದಲ್ಲವಾ ತಂಗಿ, ನಮ್ಮನ್ಯಾಗ ಯಾರೂ ಕೇಳಂಗಿಲ್ಲ ಅಂದ್ರು. ಅದು ಅವರ ಮನೇಲಿ ಮಾತ್ರ ಅಂತ ಅಲ್ಲ ಕಣ್ರೋ, ರಾಜಾನುಕುಂಟೆಲಿ ನಮ್ಮಮ್ಮನೂ ಹಂಗೇ. ಚಪ್ಪಲಿ ಮೆಟ್ಟಿದ ಮೇಲೆ ಎಲ್ಲಿಗೆ ಅಂದ್ರೆ ಮುಗೀತು, ಒಳಗೆ ಬಂದು ಕೂತು, ನೀರು ಕುಡಿದು, ಆಮೇಲೆ ಹೊರಡಬೇಕು. ಹೋದ ಕೆಲಸ ಆಗಲ್ಲ ಅಂತ. ತೀರಾ ತಿಳ್ಕೊಳ್ಳಲೇಬೇಕು ಅಂದ್ರೆ ದೂರಾನಾ ಅಂತ ಕೇಳೋರು. ಇವರ ಮನೇಲಿ ಅದನ್ನೂ ಕೇಳಿಲ್ಲ. ಇನ್ನೊಂದು ಮಾತು ಶಿವಲೀಲಾ ಅತ್ತೆ ಎದುರು ಹೇಳ್ಲಿಲ್ಲ, ನೀರು ತರ್ತೀನಿ ಅಂತ ನನ್ನ ಜೊತೆ ಆಚೆ ಬಂದಾಗ ಹೇಳಿದ್ಲು. ಆವತ್ತು ಬೆಳಗ್ಗೆ ಅವಳು ಕೇಳೋಕೆ ಅಂತ ಬಾಯಿ ತೆಗೆದಿದ್ಲಂತೆ. ಗಂಡ ಗೇಟ್ ಹತ್ರ ಇದ್ರಂತೆ. ಅತ್ತೆ ಕಣ್ಣಲ್ಲೇ ಗದರಿಸಿ ಕೈ ಹಿಡಿದು ಒಳಗೆ ಎಳ್ಕೊಂಡ್ರಂತೆ.

ಯಾವಾಗ್ಲೂ ಎಲ್ಲಿಗೆ ಹೋಗ್ತಾರಮ್ಮ ಅಂದೆ. ದೊಡ್ಡಬಳ್ಳಾಪುರದ ಆಚೆ ರೈಲು ಹಳಿ ಪಕ್ಕದ ಗುಡ್ಡಕ್ಕೆ ಹೆಚ್ಚು ಹೋಗ್ತಾರೆ ಅಂದ್ರು. ಸರಿ, ಬೇರೆ ಏನು ಮಾಡೋಕಾಗುತ್ತೆ, ಎಲ್ಲಾರೂ ಅಲ್ಲಿಗೇ ಹೋದ್ವಿ. ಭಾನುವಾರ ಪೂರ್ತಿ ಆ ಗುಡ್ಡ ಜಾಲಾಡಿದ್ರು, ಮೇಷ್ಟ್ರೇ ಮೇಷ್ಟ್ರೇ ಅಂತ ಕೂಗಿ ಕೂಗಿ ಮಧು ಗಂಟಲು ಕಟ್ಟೋಗಿತ್ತು. ಬಿಸಿಲು ಅಂದ್ರೆ ಬಿಸಿಲು, ಕೆಳಗೆ ಹೊಂಗೆ ಮರದ ನೆರಳಲ್ಲಿ ಕೂತಿದ್ದ ನಮಗೇ ನಾಲಿಗೆ ಒಣಗ್ತಿತ್ತು. ಗಂಗವ್ವ ಮಾತ್ರ ಒಂದು ತೊಟ್ಟು ನೀರು ಮುಟ್ಲಿಲ್ಲ, ಅವಂಗ ನೀರಡಿಕೆ ಆಗಿರ್ತೈತಿ, ನಾ ಹೆಂಗ ಕುಡೀಲಿ ಅಂತ. ಕುಡೀರಮ್ಮ ಅಂತ ನಾನು ರೇಗಿದೆ ಕೂಡ. ರೇಗಿದ್ದಕ್ಕೆ ಆಮೇಲೆ ನನಗೇ ಅಳು ಬಂತು, ಆ ಕಡೆ ತಿರುಗಿ ಸೆರಗಲ್ಲಿ ಮುಖ ಒರೆಸ್ಕೊಂಡೆ.

ಸೋಮವಾರ ಪೊಲೀಸ್ನೋರಿಗೆ ಟವರ್ ಮಾಹಿತಿ ಬಂತು. ಮೇಷ್ಟ್ರ ಫೋನು ಕೊನೇಲಿ ಸಿಕ್ಕಿರೋದು ಈ ಕಡೆ ಅಲ್ಲವೇ ಅಲ್ಲ, ಚಿಕ್ಕಬಳ್ಳಾಪುರದ ಕಡೆ. ಅಲ್ಲಿ ಇನ್ನೊಂದು ಗುಡ್ಡ, ಯಾರೂ ಅಷ್ಟಾಗಿ ಹೋಗದೇ ಇರೋದು. ಓಡಿದ್ರು, ಹಿಂದೆ ಪೊಲೀಸ್ ಜೀಪಲ್ಲಿ ಅತ್ತೆ, ಸೊಸೆ, ನಾನು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿದ್ರು, ಎರಡು ಬಂಡೆ ಮಧ್ಯೆ. ಜೀವ ಇರ್ಲಿಲ್ಲ. ಕೆಳಗೆ ತಂದಾಗ ಗುರುತು ಹಿಡಿಯೋಕೆ ಮನೆಯೋರು ಒಬ್ರು ಬೇಕು ಅಂದ್ರು, ಗಂಗವ್ವನ್ನ ಜೀಪಲ್ಲೇ ಕೂರಿಸಿ ಶಿವಲೀಲಾ ಹೋದ್ಲು, ನಾನು ಅವಳ ಭುಜ ಹಿಡ್ಕೊಂಡಿದ್ದೆ. ಬಲಗಾಲು ಮುರಿದಿತ್ತು. ಆ ಕಾಲಿಗೆ, ಹೆಂಗೆ ಹೇಳ್ಲಿ, ಅವರ ಟವಲ್ ಕಟ್ಟಿತ್ತು ಕಣ್ರೋ. ಒಂದು ಕಡ್ಡಿ ಇಟ್ಟು, ಸುತ್ತಿ, ಬಿಗಿಯಾಗಿ ಗಂಟು ಹಾಕಿತ್ತು. ನಾನು ಎಷ್ಟು ವರ್ಷ ಫ್ಯಾಕ್ಟರಿಲಿ ಕಟ್ಟು ಕಟ್ಟಿದೋಳು, ನೋಡಿದ ತಕ್ಷಣ ಗೊತ್ತಾಯ್ತು. ಬಿದ್ದ ತಕ್ಷಣ ಹೋದೋರು ಕಾಲಿಗೆ ಕಟ್ಟು ಕಟ್ಕೊಳ್ಳಲ್ಲ. ಮಧು ಮೇಲೆ ಗುರುತು ನೋಡಿ ಬಂದಿದ್ದ, ಬಿಸಿಲು ಬಂದ ಕಡೆಯಿಂದ ನೆರಳಿಗೆ ತೆವಳಿದ್ದಾರೆ, ಬಾಟ್ಲಿ ಖಾಲಿ ಮಾಡಿದ್ದಾರೆ, ಯಾರಾದ್ರೂ ಬರ್ತಾರೆ ಅಂತ ಕಾದಿದ್ದಾರೆ. ನಾವು ಆ ಹೊತ್ತಲ್ಲಿ ಬೇರೆ ಗುಡ್ಡದಲ್ಲಿ ಕೂಗ್ತಿದ್ವಿ. ಶಿವಲೀಲಾನೂ ಆ ಗಂಟು ನೋಡಿದ್ಲು. ತುಂಬಾ ಹೊತ್ತು ನೋಡಿದ್ಲು. ಅವಳಿಗೆ ನಾನು ಏನೂ ಹೇಳೋದು ಬೇಕಾಗಿರ್ಲಿಲ್ಲ.

ಜೀಪ್ ಹತ್ರ ವಾಪಸ್ ಬಂದ್ವಿ. ಗಂಗವ್ವ ಅಳ್ತಿರ್ಲಿಲ್ಲ. ನನ್ನ ಕೈ ಹಿಡ್ಕೊಂಡ್ರು, ಆ ಹಿಡಿತ ಈಗ್ಲೂ ನೆನಪಿದೆ. "ತಂಗಿ, ಖರೇ ಹೇಳವಾ. ನಾ ಆಕೀನ ಕೇಳಾಕ ಬಿಟ್ಟಿದ್ರ ನನ್ನ ಮಗ ಉಳೀತಿದ್ನೇನು?"

ನಮ್ಮ ತಂಡದಲ್ಲಿ ಒಂದು ಕಟ್ಟುನಿಟ್ಟು, ಮನೆಯೋರಿಗೆ ಸುಳ್ಳು ಹೇಳಬಾರದು. ಹೊಸದಾಗಿ ಬಂದೋರಿಗೆಲ್ಲ ಅದನ್ನ ಹೇಳ್ಕೊಡ್ತಿದ್ದೋಳು ನಾನೇ. ಆವತ್ತು ನಿಜ ಹೇಳೋಕೂ ಬಾಯಿ ಬರ್ಲಿಲ್ಲ, ಸುಳ್ಳು ಹೇಳೋಕೂ ಬರ್ಲಿಲ್ಲ. ಆ ಮುದುಕಿ ನನ್ನ ಮುಖಾನೇ ನೋಡ್ತಿದೆ. ಅಷ್ಟರಲ್ಲಿ ಹಿಂದಿನಿಂದ ಶಿವಲೀಲಾ ಬಂದು ಅತ್ತೆ ಪಕ್ಕ ಕೂತ್ಕೊಂಡ್ಲು, ಸೆರಗು ಸರಿಮಾಡಿದ್ಲು. "ಬಿದ್ದ ಕೂಡ್ಲೇ ಹೋಗ್ಯಾರ ಅತ್ತಿ. ಶನಿವಾರನ. ನಾ ಕೇಳಿದ್ರೂ ಅಷ್ಟ, ಬಿಟ್ರೂ ಅಷ್ಟ." ಆಗ ಗಂಗವ್ವ ಸೊಸೆ ತೊಡೆ ಮೇಲೆ ತಲೆ ಇಟ್ಟು ಅತ್ರು ನೋಡಿ, ಅಂಥ ಅಳು ನಾನು ಕೇಳಿಲ್ಲ, ದೇವರು ಇನ್ನೊಂದು ಸಲ ಕೇಳಿಸೋದು ಬೇಡ.

ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ಅವರ ಮನೆಗೆ ಹೋಗಿದ್ದೆ. ಅತ್ತೆ ಒಳಗೆ ಮಲಗಿದ್ರು. ಶಿವಲೀಲಾ ಟೀ ತಂದ್ಲು. ನನಗೆ ತಡ್ಕೊಳ್ಳೋಕಾಗ್ಲಿಲ್ಲ, ಹೆಂಗಮ್ಮ ನಿನ್ನ ಬಾಯಲ್ಲಿ ಆ ಮಾತು ಬಂತು ಅಂತ ಕೇಳೇಬಿಟ್ಟೆ. ಅವಳು ಬಾಗಿಲು ಕಡೆ ಒಂದು ಸಲ ನೋಡಿ, ದನಿ ಇಳಿಸಿ ಹೇಳಿದ್ಲು. "ಇನ್ನ ನಾವಿಬ್ಬರ ಈ ಮನ್ಯಾಗ ಇರಬೇಕಲ್ರೀ ಅಕ್ಕಾರ."

ಅದಕ್ಕೇ ನೋಡಿ, ಈಗ ನಾನು ಪಾಠ ಮಾಡ್ತೀನಲ್ಲ, ಕಾಶಿಗೆ ಹೊರಟಿರೋ ಅಜ್ಜಿಯರಿಗೆ, ಟ್ರೆಕ್ಕಿಂಗ್ ಹೋಗೋ ಕಾಲೇಜಿನೋರಿಗೆ, ವಿಶಲ್, ಟಾರ್ಚು, ನೀರು ಎಲ್ಲಾ ಆಮೇಲೆ. ಮೊದಲು ಮನೇಲಿರೋರನ್ನ ಮುಂದೆ ಕೂರಿಸಿ ಅಂತೀನಿ. ಪಾಪ, ಶಕುನ ಕೆಡುತ್ತೆ ಅಂತ ಮುಖ ಕಿವುಚ್ತಾರೆ, ಆರ್.ಟಿ. ನಗರದಲ್ಲಿ ಒಬ್ಬಮ್ಮ ಎದ್ದೇ ಹೋದ್ಲು. ಹೋಗ್ಲಿ. ಹೊರಟೋರನ್ನ ಗೇಟ್ ಹತ್ರ ನಿಲ್ಲಿಸಿಯಾದ್ರೂ ಎಲ್ಲಿಗೆ ಅಂತ ಕೇಳಿ ಕಣ್ರೋ. ಹೋದ ಕೆಲಸ ಕೆಟ್ರೆ ಕೆಡ್ಲಿ, ಕೆಲಸ ನಾಳೆನೂ ಮಾಡ್ಕೋಬಹುದು.