ಒಡೆದು ಹೇಳದ ಭವಿಷ್ಯ

ಹತ್ತಿರ ಸರಿದು ಕೂತುಕೊಳ್ಳಿ. ಹಿಂದೆ ಕೂತವರಿಗೆ ಕಥೆ ಅರ್ಧವೇ ಸಿಗುತ್ತದೆ, ಆಮೇಲೆ ನನ್ನ ಮೇಲೆ ಜಗಳಕ್ಕೆ ಬರಬೇಡಿ.

ಒಂದಾನೊಂದು ಕಾಲದಲ್ಲಿ, ಬೆಟ್ಟಗಳ ಆಚೆ, ಹೆಸರು ಮರೆತುಹೋದ ಒಂದು ಸೀಮೆಯಲ್ಲಿ, ಕೊಟ್ರಯ್ಯ ಎಂಬ ಕಣಿ ಹೇಳುವವನಿದ್ದ. ಅವನು ಹೇಳಿದ್ದು ಹುಸಿಯಾದದ್ದೇ ಇಲ್ಲ. ಅದೇ ಅವನ ಕಷ್ಟ. ಕೇಳಿ.

ಜಟ್ಟಿಯೊಬ್ಬ ಬಂದ. "ನಾಳೆ ಕುಸ್ತಿ ಹೇಗಾಗುತ್ತೆ?"

"ಅಂಗಾತ ಬೀಳ್ತೀಯ."

ಬಿದ್ದ. ಎದ್ದು ಬಂದು ಕೊಟ್ರಯ್ಯನಿಗೆ ಗುದ್ದಿದ.

ಮದುವೆ ಹೆಣ್ಣಿನ ತಂದೆ ಬಂದ. "ಅಳಿಯ ಹೇಗೆ?"

"ಗೊರಕೆಗೆ ಹೆಂಚು ಹಾರುತ್ತೆ."

ಹಾರಿತು. ಅವನೂ ಬಂದು ಗುದ್ದಿದ.

ಕೊನೆಗೆ ಒಡೆಯನೇ ಕರೆಸಿದ. ಆ ಸೀಮೆಯಲ್ಲಿ ದೊರೆಯನ್ನು ಒಡೆಯ ಅನ್ನುತ್ತಿದ್ದರು. "ನಾಳೆ ನನ್ನ ಮೆರವಣಿಗೆ. ಹೇಗಿರುತ್ತಯ್ಯ?"

"ಆನೆ ಮೇಲಿಂದ ಜಾರ್ತೀರಿ, ಬುದ್ಧಿ. ಲದ್ದಿ ಮೇಲೆ ಬೀಳ್ತೀರಿ."

ಬಿದ್ದ. ಆದರೆ ಒಡೆಯ ಗುದ್ದಲಿಲ್ಲ. ದೊಡ್ಡವರು ಕೈ ನೋಯಿಸಿಕೊಳ್ಳುತ್ತಾರೆಯೇ? ಡಂಗುರ ಹೊಡೆಸಿದ: "ಇನ್ನು ಮೇಲೆ ಭವಿಷ್ಯವನ್ನು ಒಡೆದು ಹೇಳಿದವರ ನಾಲಿಗೆ ಕತ್ತರಿಸಲಾಗುವುದು!"

ಆದರೆ ಕುತೂಹಲ ಬಿಡುತ್ತದೆಯೇ? ಸ್ವಲ್ಪ ದಿನಕ್ಕೆ ಮತ್ತೆ ಹೇಳಿಕಳುಹಿಸಿದ: "ನಾಳೆ ಬಂದು ನನ್ನ ಭವಿಷ್ಯ ತಿಳಿಸು. ತಿಳಿಸದಿದ್ದರೆ ಸೆರೆಮನೆ."

ಹೇಳಿದರೆ ನಾಲಿಗೆ ಹೋಯಿತು, ಹೇಳದಿದ್ದರೆ ಸೆರೆಮನೆ. ಕೊಟ್ರಯ್ಯ ಗೋಡೆಗೆ ಒರಗಿ ಕೂತ. ಹೆಂಡತಿ ಸಂಕವ್ವ ಒಲೆಯ ಮುಂದೆ ಹಿಟ್ಟು ಕಲಸುತ್ತಿದ್ದಳು.

"ಒಡೆದು ಹೇಳಬಾರದು, ಅಷ್ಟೇ ತಾನೇ?" ಅಂದಳು.

"ಅಷ್ಟೇ."

"ಮತ್ತೆ ನೀವ್ಯಾಕೆ ಒಡೀತೀರಿ? ಒಡೆಯೋದು ಒಡೆಯರ ಕೆಲಸ! ಒಂದು ಚೀಟಿ ಬರೆದು ಇತ್ತ ಕೊಡಿ."

ಬೆಲ್ಲದ ಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಹರಡಿದಳು. ಬೇಗ ತೆಗೆದಳು, ಮೆತ್ತಗೆ ಜೋತುಬಿತ್ತು. ಇನ್ನೊಂದು ಹೊಯ್ದಳು. ಆರಿದ ಮೇಲೆ ಮಡಚಹೋದಳು, ಚೂರಾಯಿತು. ಮೂರನೆಯದನ್ನು ಸುಡುಸುಡುವಾಗಲೇ ಎತ್ತಿ, ನಡುವೆ ಚೀಟಿ ಇಟ್ಟು, "ಅಯ್ಯಯ್ಯೋ ನನ್ನ ಬೆರಳು!" ಅನ್ನುತ್ತಲೇ ಮಡಚಿ, ಚೊಂಬಿನ ಅಂಚಿಗೆ ಒತ್ತಿ ಬಗ್ಗಿಸಿದಳು. ಆರಿದರೆ ಗರಿಗರಿ. ನೋಡಲು ಬೆಕ್ಕಿನ ಕಿವಿ.

"ಒಳ್ಳೆಯದನ್ನೇ ಬರೆದಿದ್ದೀರಿ ತಾನೇ?"

"ನಿಜ ಬರೆದಿದ್ದೀನಿ."

ಗಂಡನ ನಿಜ ಎಂಥದ್ದೆಂದು ಸಂಕವ್ವನಿಗೆ ಗೊತ್ತಿತ್ತು. ಮರುದಿನ ಗಂಡನ ಹಿಂದೆಯೇ ಅರಮನೆಗೆ ಓಡಿದಳು.

"ಏನಯ್ಯ ಇದು?" ಅಂದ ಒಡೆಯ.

"ತಮ್ಮ ಭವಿಷ್ಯ, ಬುದ್ಧಿ. ಒಳಗೆ ಚೀಟಿ ಇದೆ. ನಾನು ಒಡೆಯೋ ಹಾಗಿಲ್ಲ, ತಾವೇ..."

ಒಡೆಯನ ಕಿವಿ ಎಲ್ಲಿತ್ತು? ಮೂಗಿಗೆ ಬೆಲ್ಲದ ಘಮ ಬಡಿದಿತ್ತು. ಇಡಿಯಾಗಿ ಬಾಯಿಗೆ ಹಾಕಿಕೊಂಡ. ಕರುಂ. ಕುರುಂ. ಗುಳುಂ.

"ಆಹಾ! ನನ್ನ ಭವಿಷ್ಯ ಬಲು ಸಿಹಿ!"

ಮಂತ್ರಿ ಕೆಮ್ಮಿದ. "ಪ್ರಭು, ಚೀಟಿ?"

ಒಡೆಯ ಹೊಟ್ಟೆ ಮುಟ್ಟಿ ನೋಡಿಕೊಂಡ. "ಹೋಯ್ತಲ್ಲಯ್ಯ! ಏನಿತ್ತು ಅದರಲ್ಲಿ?"

"ಹೇಳಿದರೆ ನಾಲಿಗೆ..."

"ನಿನ್ನ ನಾಲಿಗೆ ನೀನೇ ಇಟ್ಕೋ! ಹೇಳು!"

"'ಒಡೆಯರು ಇದನ್ನು ಓದುವುದಿಲ್ಲ' ಅಂತ ಬರೆದಿದ್ದೆ, ಬುದ್ಧಿ."

ಸಂಕವ್ವ ಕಣ್ಣು ಮುಚ್ಚಿಕೊಂಡಳು. ಒಡೆಯನ ಮುಖ ಕೆಂಪಾಯಿತು, ಮೀಸೆ ಅದುರಿತು, ಆಮೇಲೆ ನಗು ಉಕ್ಕಿತು. ನಕ್ಕು ನಕ್ಕು ಬಿಕ್ಕಳಿಕೆ ಬಂತು. "ನಾಳೆಯಿಂದ ಊರಿಗೆಲ್ಲ ಒಂದೊಂದು ಮಾಡಿ ಕೊಡಿ!" ಅಂದ.

ಊರಿಗೆಲ್ಲ! ಅಂದರೆ ಎಷ್ಟು ಗುದ್ದು, ಲೆಕ್ಕ ಹಾಕಿ. ಸಂಕವ್ವ ಮನೆಗೆ ಬಂದವಳೇ ಗಂಡನ ಕೈಯಿಂದ ಲೇಖನಿ ಕಿತ್ತುಕೊಂಡಳು. "ಇವತ್ತಿನಿಂದ ಒಲೆ ನಿಮ್ಮದು, ಬರೆಯೋದು ನನ್ನದು."

ಈಗಲೂ ದೂರದೂರದ ಹೋಟೆಲುಗಳಲ್ಲಿ ಊಟವಾದ ಮೇಲೆ ಚೀಟಿ ಅಡಗಿಸಿಟ್ಟ ಬಿಸ್ಕತ್ತು ಕೊಡುತ್ತಾರಲ್ಲ, ಒಡೆದು ನೋಡಿ. ಎಲ್ಲಾದರೂ ಕೆಟ್ಟದ್ದು ಬರೆದಿರುತ್ತದೆಯೇ? ಇಲ್ಲ. ಯಾಕೆ? ಅದು ಸಂಕವ್ವನ ಅಕ್ಷರ.

ಕಥೆ ಹೇಳಿದ ಬಾಯಿಗೆ ನೀರು, ಕೇಳಿದ ಕಿವಿಗೆ ನಿದ್ದೆ. ಏಳಿ ಇನ್ನು.