ಕೇಬಲ್ ಕಳಚಿದ ಆಂಬುಲೆನ್ಸ್

ಇದು ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ವಾಹನಗಳ ವೈರಿಂಗ್ ರಿಪೇರಿ ಅವನ ಕಸುಬು. ಮಾತೆತ್ತಿದರೆ ಸಿಡಿಯುತ್ತಾನೆಂದು ಎಲ್ಲರ ಬಾಯಲ್ಲೂ ಫ್ಯೂಸಣ್ಣ.

ಅವತ್ತು ರಾತ್ರಿ ತಡವಾಗಿ ಮನೆಗೆ ನಡೆದು ಬರುತ್ತಿದ್ದ. ಹಾಳುಬಾವಿಯ ಪಕ್ಕ ಒಂದು ಆಂಬುಲೆನ್ಸ್ ಕೆಟ್ಟು ನಿಂತಿತ್ತು. ಒಳಗೆ ರೋಗಿ ಇರಲಿಲ್ಲ, ಪುಣ್ಯ. ಡ್ರೈವರ್ ಗುರುತಿನವನೇ.

"ದೇವರು ಬಂದಂಗೆ ಬಂದೆ ಅಣ್ಣಾ. ಗಾಡಿ ಉಸಿರೇ ಎತ್ತುತ್ತಿಲ್ಲ."

ಫ್ಯೂಸಣ್ಣ ಬಾನೆಟ್ ಎತ್ತಿದ. ಬ್ಯಾಟರಿ ಕೇಬಲ್ಲಿನ ತುದಿ ಹಸಿರುಗಟ್ಟಿ ಕೊಳೆತಿತ್ತು.

"ಇದನ್ನ ಇಟ್ಕೊಂಡು ಜನರ ಜೀವ ಉಳಿಸೋಕೆ ಹೊರಟಿದ್ದೀಯಾ? ಹೋಗು, ಹೊಸದು ತಗೊಂಬಾ!"

ಬೈಸಿಕೊಂಡ ಡ್ರೈವರ್ ಯಾರದೋ ಬೈಕಿಗೆ ಕೈ ಅಡ್ಡ ಹಾಕಿ ಹೊರಟುಹೋದ.

ಸುಮ್ಮನೆ ಕೂರುವ ಜಾಯಮಾನ ಇವನದಲ್ಲ. ಹಳೇ ಕೇಬಲ್ಲನ್ನೇ ಕೈಯಲ್ಲಿ ಅದುಮಿ ಸಿಕ್ಕಿಸಿದ, ನಟ್ ಬಿಗಿಯಲಿಲ್ಲ. ದೀಪ ಮಿಣುಕಿತು. ಬ್ಯಾಟರಿ ತಿನ್ನುತ್ತಿರುವ ಬಲ್ಬ್ ಎಲ್ಲಾದರೂ ಉರಿಯುತ್ತಿದೆಯಾ ಅಂತ ನೋಡಲು ಹಿಂದೆ ಹತ್ತಿ ಬಾಗಿಲು ಎಳೆದುಕೊಂಡ. ಕತ್ತಲಾದರೇ ಅಂಥದು ಕಣ್ಣಿಗೆ ಬೀಳುವುದು.

ಮುಂದುಗಡೆ 'ಟಪ್' ಅಂದಿತು... ಕೇಬಲ್ ಕಳಚಿತು.

ಬಾಗಿಲಿನ ಸ್ವಿಚ್ ಒತ್ತಿದ. ಸತ್ತಿತ್ತು. ಹಿಡಿಗೆ ಕೈ ಹಾಕಿದ. ಹಿಡಿ ಮುರಿದುಹೋಗಿತ್ತು. ಕರೆಂಟಿಲ್ಲದೆ ಆ ಲಾಕ್ ಬಿಡುವಂತಿರಲಿಲ್ಲ. ಫೋನು ಬೆಳಕಿಗೆಂದು ಎಂಜಿನ್ ಮೇಲಿಟ್ಟಿದ್ದ. ಕಿಟಕಿಗಳೆಲ್ಲ ತೆರೆಯದ ಗಾಜು.

ಧಬ್ ಧಬ್ ಧಬ್... ಅಂಗೈ ಉರಿಯುವ ತನಕ ಬಡಿದ. ಸೆಕೆಗೆ ಅಂಗಿ ಮೈಗಂಟಿತು. ಇಲ್ಲೇ ಸಾಯುತ್ತೇನೆ ಅನ್ನಿಸಿಬಿಟ್ಟಿತು.

"ತಟ್ಟಬೇಡಿ... ಯಾರಿಗೂ ಕೇಳಿಸಲ್ಲ."

ಹೆಣ್ಣು ದನಿ. ಸ್ಟ್ರೆಚರ್ ಕಡೆಯಿಂದ... ಪಿಸುಮಾತಿನಲ್ಲಿ.

"ಯಾ... ಯಾರದು?"

"ಅವತ್ತೂ ಹೀಗೇ ಕೆಟ್ಟು ನಿಂತಿತ್ತು."

"ಯಾವತ್ತು?"

"ನನಗಿನ್ನೂ ಉಸಿರಿದ್ದಾಗ."

ಫ್ಯೂಸಣ್ಣ ಬಾಗಿಲಿಗೆ ಬೆನ್ನು ಒತ್ತಿ ಕುಕ್ಕರಿಸಿದ. ಆ ದನಿಯೇ ಮತ್ತೆ ಕೇಳಿತು.

"ಬಾಗಿಲು ತೆಗೆದಾಗ ನೀವೊಬ್ಬರೇ ಹೋಗ್ಬಿಡ್ತೀರಾ? ನನ್ನನ್ನೂ ಇಳಿಸ್ತೀರಾ?"

ಅವನಿಗೆ ಭಯದ ಜೊತೆಗೇ ಅಳು ಬಂತು.

"ಇಳಿಸ್ತೀನಮ್ಮಾ."

ಹೊರಗೆ ಬೈಕಿನ ಗುಡುಗುಡು. ಸ್ಪ್ಯಾನರ್ ತಿರುಗಿದ ಕಿರ್ ಕಿರ್. ಕರೆಂಟ್ ಬಂದು ಲಾಕ್ 'ಟಕ್' ಅಂದಿತು. ಫ್ಯೂಸಣ್ಣ ಹೊರಗೆ ಮುಗ್ಗರಿಸಿ ಬಿದ್ದ. ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ರಿಪೇರಿ ಮಾಡೋನೇ ಲಾಕಾಗೋದಾ ಅಣ್ಣಾ!"

ಓಡಿಬಿಡೋಣ ಅನ್ನಿಸಿತಂತೆ. ಆದರೂ ಎದ್ದು, ಬಾಗಿಲನ್ನು ಅಗಲಕ್ಕೆ ಹಿಡಿದು, ಖಾಲಿ ಸ್ಟ್ರೆಚರಿನ ಕಡೆ ಕೈ ಚಾಚಿದ.

"ಇಳೀರಿ."

ಏನೂ ಇಲ್ಲ... ಆಮೇಲೆ ಗಾಡಿಯ ಸ್ಪ್ರಿಂಗ್ 'ಕಿರ್‌ರ್' ಅಂದಿತು. ಮೆಟ್ಟಿಲಿನ ಕಡೆ ಹಿಂಭಾಗ ಒಂದಿಷ್ಟು ಕುಗ್ಗಿ, ಮತ್ತೆ ಮೇಲೆದ್ದಿತು.

ನಗಬೇಡಿ. ಇವನೊಬ್ಬನೇ ಕಂಡಿದ್ದರೆ ನಾನೂ ನಗುತ್ತಿದ್ದೆ. ಡ್ರೈವರನ್ನೂ ಕೇಳಿದ್ದೇನೆ, ಸುಳ್ಳಲ್ಲ ಇದು. ಅವನ ನಗು ಅಲ್ಲಿಗೇ ನಿಂತಿತಂತೆ. ಪಕ್ಕಕ್ಕೆ ಸರಿದು ದಾರಿ ಬಿಟ್ಟನಂತೆ.