ಪ್ಲಗ್ಗಿಗೆ ಭಂಡಾರ

ಹಲೋ... ಹಲೋ, ಯಾರ ಮಾತಾಡೂದು? ಧನರಾಜಣ್ಣಾರೇನ್ರಿ, ಸೊಲ್ಲಾಪುರ ಎಂಐಡಿಸಿ ವಾಯರಿಂಗ್ ದುಕಾನದವರು?...

ನಾ ರೂಪಾಲಿರಿ. ಚಪಳಗಾಂವದಾಕಿ, ಹಣಮವ್ವನ ಸೊಸಿ. ನಮ್ಮ ಟ್ರ್ಯಾಕ್ಟರ್ ಟ್ರಾಲಿ ಲೈಟ್ ಮಾಡಿಕೊಟ್ಟಿದ್ರಲ್ಲಾ?...

ಆರಾಮ ಎಲ್ಲೀದ್ ತಂದ್ರಿ! ದುಕಾನದಾಗ ಅದೀರಿ ಅಲ್ವಾ? ಹೊರಗ ಬರ್ರಿ ಮೊದಲ. ನಮ್ಮವರು ಟ್ರಾಲಿ ತುಂಬ ಕುರಿ ಹೇರಿಕೊಂಡು ನಿಮ್ಮ ದುಕಾನ ಮುಂದಿನ ರೋಡಿಗೇ ಸೊಲ್ಲಾಪುರಕ್ಕ ಬರಾಕತ್ತಾರ. ಅತ್ತಿ ಹಿಂದ ಕುರಿ ಜೋಡಿ ಕುಂತಾರ. ಕತ್ತಲಾತು, ಟ್ರಾಲಿಗೆ ಹಿಂದ ಒಂದೂ ಲೈಟ್ ಇಲ್ಲರಿ, ಒಂದೂ!...

ಬಾಜೂ ಮನಿ ನಿತಿನ ಬಸ್ಸಿನಾಗಿಂದ ಫೋನ್ ಮಾಡಿದಾ. ಡ್ರೈವರ್ ಗಕ್ಕನ ಬ್ರೇಕ್ ಹಾಕಿದ್ನಂತ, ಇಲ್ಲಂದ್ರ ಟ್ರಾಲಿಗೆ ಹಾಯೂದ ಇತ್ತಂತ...

ಹಾಂ, ನೀವು ಗ್ರೀಸ್ ಹಚ್ಚಿದ್ದು ಖರೆ. ಟ್ರ್ಯಾಕ್ಟರಿಂದ ಟ್ರಾಲಿಗೆ ಕರೆಂಟ್ ಕೊಡೂ ಪ್ಲಗ್ಗಿನ ಪಿನ್ ತಿಕ್ಕಿ, ಗ್ರೀಸ್ ತುಂಬಿ, ಮ್ಯಾಲೆ ರಬ್ಬರ್ ಟೋಪಿ ಹಾಕಿ ಕೊಟ್ರಿ. ನೀರು ತಾಗಿಸಬ್ಯಾಡ್ರಿ ಅಂತನೂ ಹೇಳಿದ್ರಿ...

ನೀರು ತಾಗಿಸಿದವರು ಯಾರು ಅಂದ್ರ? ನಮ್ಮ ಅತ್ತಿ! ಅಮಾಸಿಗೆ ಟ್ರ್ಯಾಕ್ಟರ್ ಪೂಜಿ ಮಾಡ್ತಾರಲ್ರಿ. ಗ್ರೀಸ್ ಅಂದ್ರ ಹೊಲಸು ಅಂತ ಸಬಕಾರ ಹಚ್ಚಿ ತಿಕ್ಕಿ ತಗದ್ರು. ಆ ಪ್ಲಗ್ಗಿನ ಮ್ಯಾಲೇನ ಕಾಯಿ ಒಡದ್ರು, ಕಾಯಿನೀರೆಲ್ಲಾ ಒಳಗ. ಅದರ ಮ್ಯಾಲೆ ನಮ್ಮ ದೇವರು ಬೀರೋಬಾನ ಭಂಡಾರ, ಅರಿಷಿಣ ಪುಡಿ, ಒಂದು ಮುಷ್ಟಿ. ಪ್ರತಿ ಅಮಾಸಿ ಹಿಂಗರಿ. ಹಸರು ಕಿಲುಬು ಹಿಡದು ಪಿನ್ನ ಕಾಣವಲ್ದಾಗಿತ್ತು. ನಾ ಬಾಯಿ ಬಡಕೊಂಡೆ, ಕೇಳಿದ್ರೇನು?...

ಬಯ್ಯೂದು ನಾಳೆ ಬಯ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ರೋಡ್ ನೋಡ್ರಿ. ನಮ್ಮವರು ಫೋನ್ ಇಲ್ಲೇ ಚಾರ್ಜಿಂಗಿಗೆ ಬಿಟ್ಟು ಹೋಗ್ಯಾರ...

ಬಂತಾ? ಕುರಿ ಕಾಣಾಕತ್ತಾವಾ? ಅದೇರಿ, ಅದೇ! ಕೈ ಮಾಡ್ರಿ, ಒದರ್ರಿ...

ನಿಂತ್ರಾ? ಯವ್ವಾ, ಹೋದ ಜೀವ ಬಂತು. ಲಗೂನ ಪಿನ್ ಕೆರದು ಗ್ರೀಸ್ ಹಚ್ರಿ...

ಹಾಂ? ಯಾರು ಬ್ಯಾಡ ಅನ್ನಾಕತ್ತಾರ? ಅತ್ತೀನಾ? ಫೋನ್ ಕೊಡ್ರಿ ಅವರ ಕೈಯಾಗ...

ಅತ್ತಿ, ಇವತ್ತ ಅಮಾಸಿ, ಪೂಜಿ ಮಾಡಿದ ಪ್ಲಗ್ಗಿಗೆ ಗ್ರೀಸ್ ಮುಟ್ಟಿಸಬಾರದು ಅನ್ನೂದು ನನಗೂ ಗೊತ್ತೈತ್ರಿ. ಹಚ್ಚಲಿ ಬಿಡ್ರಿ. ದೇವರಿಗೆ ನಾ ತಪ್ಪುಗಾಣಿಕಿ ಕಟ್ತೀನಿ...

ಇನ್ನೂ ಟ್ರಾಲಿ ಮ್ಯಾಲೇ ಕುಂತೀರೇನು? ರೋಡಿನಾಗ? ಇಳೀರಿ ಅತ್ತಿ. ನಿಮ್ಮ ದೇವರು ಸಿಟ್ಟಾದ್ರ ನನ್ನ ಮ್ಯಾಲೆ ಆಗಲಿ, ನೀವು ಇಳೀರಿ...

ಏನ ಹಾರ್ನ್ ಅದು? ಅತ್ತಿ, ಹಿಂದ ನೋಡ್ರಿ. ಅತ್ತೀ, ಇಳೀ—